ಜಿಂಕೆ ಇರುವುದು ಬೆಟ್ಟದ ಮೇಲೆ

2016ನೇ ಇಸವಿ, ಯುಗಾದಿಯ ಮರುದಿನ. ನಮ್ಮ ಕಡೆ ಅದು ಹೊಸತೊಡಕು. ಮೈಸೂರಿನಲ್ಲಿದ್ದರೂ ಅಷ್ಟೇ, ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿದ್ದರೂ ಅಷ್ಟೇ, ಆ ದಿನ ಒಲೆಯ ಮೇಲೆ ಮಟನ್ ಸಾರು ಕುದಿಯದಿದ್ದರೆ ನನಗೆ ಹೊಸ ವರ್ಷ ಬಂದಂತೆಯೇ ಅನ್ನಿಸುವುದಿಲ್ಲ. ಮಧ್ಯಾಹ್ನ ಒಂದು ಡಬ್ಬಿ ಸಾರು ತೆಗೆದುಕೊಂಡು ಪಕ್ಕದ ಮನೆಯ ನ್ಯಾನ್ಸಿಗೆ ಕೊಡಲು ಹೋದೆ.

ನ್ಯಾನ್ಸಿಗೆ ಆಗ ಅರವತ್ನಾಲ್ಕು ವರ್ಷ. ಸ್ಕೂಲ್ ಬಸ್ ಓಡಿಸಿ ನಿವೃತ್ತಿಯಾದವಳು; ನನ್ನ ಮಗಳು ಮೇಘನಾ ಚಿಕ್ಕವಳಿದ್ದಾಗ ಅವಳ ಬಸ್ಸಿನಲ್ಲೇ ಹೋಗುತ್ತಿದ್ದಳು. ನಾನು ಬೆಳಗಿನ ಹೊತ್ತು ಒಂದು ಶಿಶುವಿಹಾರದಲ್ಲಿ ಕೆಲಸ ಮಾಡುತ್ತೇನೆ. ಅದಕ್ಕೆ ಮುಂಚೆ ನಾವಿಬ್ಬರೂ ಎರಡು ವರ್ಷದಿಂದ ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದೆವು. ಅವಳ ಗಂಡ ವಾಲ್ಟ್ ಮರಗೆಲಸದವನು. ಆ ಚಳಿಗಾಲದಲ್ಲಿ ಅವನ ಸೊಂಟದ ಕೀಲು ಬದಲಿಸಿದ್ದರು. (ನಮ್ಮ ಮಾತೆಲ್ಲ ಆದದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವಂತೆ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.)

"ನಿಮ್ಮಲ್ಲಿ ಹೊಸ ವರ್ಷಕ್ಕೆ ಮಾಂಸ ಮಾಡ್ತೀರಾ?" ಎಂದು ನ್ಯಾನ್ಸಿ ಡಬ್ಬಿ ಮೂಸಿದಳು.

"ಮೊದಲನೇ ದಿನ ಬೇವು ಬೆಲ್ಲ. ಎರಡನೇ ದಿನ ಇದು. ನಮ್ಮ ತಾತನ ಕಾಲದಲ್ಲಿ ಊರ ಗಂಡಸರೆಲ್ಲ ಆ ದಿನ ಬೇಟೆಗೆ ಹೋಗ್ತಿದ್ರಂತೆ. ಈಗ ಅಲ್ಲಿ ಬೇಟೆ ನಿಷೇಧ. ಕಟುಕನ ಅಂಗಡಿ ಮುಂದೆ ಕ್ಯೂ ನಿಲ್ಲೋದೇ ಬೇಟೆ."

ನ್ಯಾನ್ಸಿ ನಕ್ಕಳು. ಅವಳೂ ವಾಲ್ಟೂ ಮೂವತ್ತೊಂದು ವರ್ಷದಿಂದ ಪ್ರತಿ ಸೆಪ್ಟೆಂಬರ್ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆಗೆ ಹೋಗುತ್ತಾರೆಂದು ನನಗೆ ಗೊತ್ತಿತ್ತು. ರಸ್ತೆ ಪಕ್ಕದ ಕಾಡಿನಲ್ಲಲ್ಲ, ಕ್ಯಾಸ್ಕೇಡ್ ಬೆಟ್ಟಗಳ ನೆತ್ತಿಯಲ್ಲಿ, ಏಳು ಸಾವಿರ ಅಡಿ ಎತ್ತರದಲ್ಲಿ. ಕಾರು ನಿಲ್ಲಿಸಿದ ಮೇಲೆ ಐದು ಮೈಲಿ ಹತ್ತಬೇಕು. ಚಳಿಗಾಲಕ್ಕೆ ಅವರ ಫ್ರೀಜರ್ ತುಂಬುತ್ತಿದ್ದುದೇ ಆ ಮಾಂಸದಿಂದ.

"ಈ ವರ್ಷ ಇಲ್ಲ" ಎಂದಳು. "ವಾಲ್ಟ್ ಹತ್ತೋ ಹಾಗಿಲ್ಲ. ನಾನು ಒಬ್ಬಳೇ ಹೋಗೋ ಹಾಗಿಲ್ಲ. ಮದುವೆಯಾದ ಹೊಸದರಲ್ಲೇ ಮಾತು ಕೊಟ್ಟಿದ್ದೀನಿ ಅವನಿಗೆ. ಇನ್ನೊಂದು ಮಾತೂ ಇದೆ. ಹೊತ್ತು ತರಕ್ಕಾಗದ್ದನ್ನ ಹೊಡೀಬಾರದು. ಒಬ್ಬಳೇ ಆದ್ರೆ ಎಷ್ಟು ಹೊರಲಿ ನಾನು?"

"ನಾನು ಬರ್ತೀನಿ, ಹೊರೋದಕ್ಕೆ" ಎಂದೆ.

ನಾನು ಯೋಚಿಸಿ ಹೇಳಿದ ಮಾತಲ್ಲ ಅದು. ಬಾಯಿಂದ ಬಂದುಬಿಟ್ಟಿತು. ನ್ಯಾನ್ಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಗ ನನಗೆ ನಲವತ್ತೆಂಟು ವರ್ಷ, ಎಪ್ಪತ್ನಾಲ್ಕು ಕೆಜಿ. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಎಂದು ಡಾಕ್ಟರು ಎರಡು ಸಲ ಹೇಳಿದ್ದರು.

"ಐದು ತಿಂಗಳಿದೆ" ಎಂದಳು ಅವಳು ಕೊನೆಗೆ. "ನಲವತ್ತೈದು ಪೌಂಡ್ ಹೊತ್ತು ಬೆಟ್ಟದಲ್ಲಿ ನಡೀಬೇಕು. ನಿನ್ನ ಕೈಲಾದ್ರೆ ನಾನು ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಇಬ್ಬರೂ ಮನೇಲಿ."

ನನ್ನ ಯಜಮಾನರು ಜಗದೀಶ್ ಊರಿನ ಓವರ್‌ಲೇಕ್ ಬಡಾವಣೆಯ ಒಂದು ಕಂಪನಿಯಲ್ಲಿ ಎಂಜಿನಿಯರು. ಯಾವ ಕೆಲಸವಾದರೂ ಅವರಿಗೆ ಮೊದಲು ಒಂದು ಪ್ಲಾನ್ ಬೇಕು. ನಾನು ಹೇಳಿದ್ದನ್ನು ಕೇಳಿ ಅವರು ನಗಲಿಲ್ಲ, ಅದು ಅವರ ಒಳ್ಳೆಯ ಗುಣ. ಆಫೀಸಿನಲ್ಲಿ ದೊಡ್ಡ ಹಿಮಪರ್ವತ ಹತ್ತುವ ಹುಡುಗರ ಗುಂಪೊಂದಿತ್ತು. ಅವರನ್ನು ಕೇಳಿ, ಮಾರನೆಯ ದಿನವೇ ಒಂದು ಹಾಳೆ ಪ್ರಿಂಟ್ ತೆಗೆದುಕೊಂಡು ಬಂದರು.

"ನೋಡು, ಗ್ಯಾಲನ್ ಹಾಲಿನ ಖಾಲಿ ಕ್ಯಾನಿಗೆ ನೀರು ತುಂಬಿ ಬ್ಯಾಗಲ್ಲಿಟ್ಕೋ, ಹತ್ತಿರ ಹತ್ತಿರ ನಾಲ್ಕು ಲೀಟರ್ ಹಿಡಿಯುತ್ತೆ. ಮೊದಲನೇ ವಾರ ಒಂದು ಕ್ಯಾನು. ಆಮೇಲೆ ಎರಡು. ಕೊನೆಗೆ ಐದು. ಮೇಲೆ ಹೋದ ತಕ್ಷಣ ನೀರು ಚೆಲ್ಲಿಬಿಡು. ಖಾಲಿ ಬ್ಯಾಗಲ್ಲಿ ಇಳಿ. ಮಂಡಿ ಉಳಿಯುತ್ತೆ. ಎಲ್ಲರೂ ಹೀಗೇ ಮಾಡೋದಂತೆ."

ನನಗೆ ಅದು ಬಹಳ ಬುದ್ಧಿವಂತಿಕೆಯ ಮಾತು ಎನ್ನಿಸಿತು.

ಅಡುಗೆಮನೆಯಲ್ಲಿ ಇಂಡಿಯನ್ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ನೇತುಹಾಕಿರುತ್ತೇನೆ. ತಿಥಿ, ಏಕಾದಶಿ, ಸಂಕಷ್ಟಿ ಎಲ್ಲ ಇರುವಂಥದ್ದು. ನಮ್ಮಮ್ಮ ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಖಾರದ ಪುಡಿ ಮಾಡಿಸಿದ ದಿನವನ್ನು ಕ್ಯಾಲೆಂಡರ್ ಚೌಕದೊಳಗೆ ಬರೆಯುತ್ತಿದ್ದರು. ಆ ಅಭ್ಯಾಸ ನನಗೂ ಬಂದಿದೆ. ಉಪ್ಪಿನಕಾಯಿ ಹಾಕಿದ್ದು, ಕರಿಬೇವಿನ ಕುಂಡ ಒಳಗೆ ತಂದದ್ದು, ಎಲ್ಲ ಅಲ್ಲೇ. ಈಗ ಅದರ ಜೊತೆಗೆ ನೀಲಿ ಪೆನ್ನಿನಲ್ಲಿ ಒಂದು ಮೇಲ್ಮುಖದ ಬಾಣದ ಗುರುತು, ಪಕ್ಕದಲ್ಲಿ ಎಷ್ಟು ಅಡಿ ಹತ್ತಿದೆ, ಎಷ್ಟು ಕ್ಯಾನು ಎಂದು ಬರೆಯತೊಡಗಿದೆ.

ಏಪ್ರಿಲ್‌ನಲ್ಲಿ ನಮ್ಮ ಬಡಾವಣೆಯ ಹಿಂದಿನ ಗುಡ್ಡ ಹತ್ತುವಷ್ಟರಲ್ಲಿ ನಾಲ್ಕು ಕಡೆ ನಿಲ್ಲುತ್ತಿದ್ದೆ. ಮೇನಲ್ಲಿ ಎರಡು ಕಡೆ. ಜೂನಿನಲ್ಲಿ ನಿಲ್ಲಲಿಲ್ಲ. ಮಳೆ ಬಂದರೆ ಛತ್ರಿ ಹಿಡಿಯುವ ಊರಲ್ಲ ಇದು. ಟೋಪಿ ಎಳೆದುಕೊಂಡು ಹತ್ತಿದೆ. ಊಟ ಬಿಡಲಿಲ್ಲ. ಬೆಳಿಗ್ಗೆ ರಾಗಿ ಗಂಜಿ, ರಾತ್ರಿ ಮುದ್ದೆ, ಎರಡು ತುತ್ತು ಕಡಿಮೆ ಅಷ್ಟೇ. ಕಾಫಿಗೆ ಸಕ್ಕರೆ ಬಿಟ್ಟೆ. ಅದೇ ಎಲ್ಲಕ್ಕಿಂತ ಕಷ್ಟವಾದದ್ದು.

ಮೈಸೂರಿನಿಂದ ನಮ್ಮಕ್ಕ ವನಜಾ ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಬೆನ್ನಿಗೆ ಬ್ಯಾಗು ಕಟ್ಟಿಕೊಂಡೇ ಒಂದು ದಿನ ಫೋನ್ ತೆಗೆದೆ.

"ಏನೇ ಅದು ಬೆನ್ ಮೇಲೆ?"

"ನೀರು."

"ನಲ್ಲೀಲಿ ನೀರು ಬರಲ್ವಾ ಅಮೆರಿಕದಲ್ಲಿ?"

ಬೇಟೆಯ ವಿಷಯ ಹೇಳಿದೆ. ಅಕ್ಕ ಗಲ್ಲದ ಮೇಲೆ ಬೆರಳಿಟ್ಟಳು. "ಬೇಟೆಗಾ? ಜಿರಳೆ ಹೊಡೆಯಕ್ಕೆ ಭಾವನ್ನ ಕರೀತಿದ್ದವಳು ನೀನು! ಅಲ್ಲಿ ಕರಡಿ ಗಿರಡಿ ಇರಲ್ವೇನೆ?"

"ಇರುತ್ತೆ. ನಾನು ಹೊಡೆಯಲ್ಲ ಅಕ್ಕ, ಹೊರೋದು ಮಾತ್ರ."

"ಹಂಗಾದ್ರೆ ಕೂಲಿ ಎಷ್ಟು ಕೇಳ್ಕೋ ಮೊದಲು" ಎಂದು ಫೋನಿಟ್ಟಳು.

ಆಗಸ್ಟ್ ಹೊತ್ತಿಗೆ ನನ್ನ ತೂಕ ಅರವತ್ತಾರಕ್ಕೆ ಬಂದಿತ್ತು. ಐದು ಕ್ಯಾನು ನೀರು ಹೊತ್ತು, ಎಂದರೆ ನಲವತ್ತು ಪೌಂಡಿಗೂ (ಹದಿನೆಂಟು ಕೆಜಿಗೂ) ಸ್ವಲ್ಪ ಹೆಚ್ಚು, ನಾರ್ತ್ ಬೆಂಡ್ ಎಂಬ ಊರಿನ ಹತ್ತಿರದ ಬೆಟ್ಟವನ್ನು ಎರಡು ಗಂಟೆಯಲ್ಲಿ ಹತ್ತುತ್ತಿದ್ದೆ. ಕ್ಯಾಲೆಂಡರಿನ ತುಂಬ ನೀಲಿ ಬಾಣ. ನ್ಯಾನ್ಸಿ ವಾಲ್ಟ್‌ನ ಆರೈಕೆ, ಅವನ ವ್ಯಾಯಾಮ ಎಂದು ಮನೆಯಲ್ಲೇ ಇರುತ್ತಿದ್ದಳು, ತನ್ನ ಅಭ್ಯಾಸವನ್ನು ತಾನು ಬೇರೆ ಮಾಡಿಕೊಳ್ಳುತ್ತಿದ್ದಳು. ಬೆಳಗಿನ ವಾಕಿಂಗ್ ಬಿಟ್ಟರೆ ಭಾರ ಹೊತ್ತು ನಾವಿಬ್ಬರೂ ಒಟ್ಟಿಗೆ ಹತ್ತಿರಲೇ ಇಲ್ಲ. ಆಗಸ್ಟ್ ಕೊನೆಯ ಶನಿವಾರ, "ನಾಳೆ ಪರೀಕ್ಷೆ" ಎಂದಳು. "ನಾನೂ ಹೊರ್ತೀನಿ, ನೀನೂ ಹೊರು." ಅವಳಿಗೆ ಹೊರಲು ನಮ್ಮ ಮನೆಯಿಂದಲೇ ಇಪ್ಪತ್ತು ಪೌಂಡಿನ ಎರಡು ಸೋನಾ ಮಸೂರಿ ಅಕ್ಕಿ ಚೀಲ ಕೊಟ್ಟೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಅದೇ ಬೆಟ್ಟ ಹತ್ತಲು ಶುರು ಮಾಡಿದೆವು. ಮೊದಲ ತಿರುವು ದಾಟುವಷ್ಟರಲ್ಲೇ ನಾನು ಮುಂದಾದೆ. ಹಿಂದೆ ತಿರುಗಿ ನೋಡಿದಾಗಲೆಲ್ಲ ನ್ಯಾನ್ಸಿಯ ಕೆಂಪು ಟೋಪಿ ಕೆಳಗೆ, ಇನ್ನೂ ಕೆಳಗೆ. ಸುಳ್ಳೇಕೆ ಹೇಳಲಿ, ಹೆಮ್ಮೆಯಾಯಿತು. ಮೇಲೆ ತಲುಪಿ, ಒಂದು ದೇವದಾರು ಮರದ ಬುಡದಲ್ಲಿ ಕೂತು ಐದೂ ಕ್ಯಾನಿನ ಮುಚ್ಚಳ ತೆಗೆದು, ದಿನಾ ಮಾಡುವಂತೆ, ಗಳಗಳ ನೀರು ಸುರಿಯತೊಡಗಿದೆ. ಕೊನೆಯ ಕ್ಯಾನು ಖಾಲಿಯಾಗುವ ಹೊತ್ತಿಗೆ ನ್ಯಾನ್ಸಿ ಏದುಸಿರು ಬಿಡುತ್ತ ಬಂದಳು.

"ಏನ್ ಮಾಡ್ತಿದ್ದೀಯ?"

"ಮುಗೀತಲ್ಲ. ಇಳಿಯಕ್ಕೆ ಯಾಕೆ ಭಾರ?"

ನ್ಯಾನ್ಸಿ ಬಂಡೆಯ ಮೇಲೆ ಕೂತು ನಕ್ಕಳು. ಅವಳ ನಗು ಇದ್ದಕ್ಕಿದ್ದಂತೆ ನಿಂತಿತು.

"ದಿನಾ ಹೀಗೇನಾ?"

"ಏಪ್ರಿಲ್‌ನಿಂದ."

"ಕುಸುಮಾ," ಎಂದಳು ನಿಧಾನಕ್ಕೆ, ಮಗುವಿಗೆ ಹೇಳುವಂತೆ, "ಜಿಂಕೆ ಇರೋದು ಮೇಲೆ. ಹೋಗ್ತಾ ನಮ್ಮ ಬ್ಯಾಗಲ್ಲಿ ಇರೋದು ಟೆಂಟು, ಊಟ ಅಷ್ಟೇ. ಭಾರ ಸಿಗೋದು ಅಲ್ಲಿ. ಹೊರೋದು ಇಳಿಯುವಾಗ."

ಐದು ತಿಂಗಳು ಹತ್ತಿರ ಬಂತು, ಇಷ್ಟು ಸಣ್ಣ ವಿಷಯ ನನಗೂ ಹೊಳೆದಿರಲಿಲ್ಲ, ಎಂಜಿನಿಯರಿಗೂ ಹೊಳೆದಿರಲಿಲ್ಲ.

ಅವಳು ತನ್ನ ಎರಡೂ ಅಕ್ಕಿ ಚೀಲಗಳನ್ನು ನನ್ನ ಬ್ಯಾಗಿಗೆ ಹಾಕಿ, "ಈಗ ನಡಿ, ನೋಡೋಣ" ಎಂದಳು.

ಮೊದಲ ಅರ್ಧ ಗಂಟೆ ಏನೂ ಅನ್ನಿಸಲಿಲ್ಲ. ಆಮೇಲೆ ತೊಡೆ ಅದುರಲು ಶುರುವಾಯಿತು. ಹೆಜ್ಜೆ ಇಟ್ಟಾಗಲೆಲ್ಲ ಚೀಲ ಹಿಂದಿನಿಂದ ತಳ್ಳುತ್ತಿತ್ತು, ಹೆಬ್ಬೆರಳು ಶೂವಿನ ಮೂತಿಗೆ ಗುದ್ದುತ್ತಿತ್ತು. ಮೂರು ಕಡೆ ಕೂತೆ. ಒಂದು ಕಡೆ ಕಾಲು ಮಡಿಚಿಕೊಂಡು, ಕೂತ ಭಂಗಿಯಲ್ಲೇ ಹತ್ತಡಿ ಜಾರಿದೆ. ಕೊನೆಯ ಒಂದು ಮೈಲಿ ಚೀಲವನ್ನು ನ್ಯಾನ್ಸಿಯೇ ಹೊತ್ತಳು. ಎರಡು ಗಂಟೆಯಲ್ಲಿ ಹತ್ತಿದ ಬೆಟ್ಟವನ್ನು ಇಳಿಯಲು ಮೂರೂಕಾಲು ಗಂಟೆ ಹಿಡಿಯಿತು.

ಕಾರಿನಲ್ಲಿ ವಾಪಸ್ ಹೊರಟೆವು. ನಮ್ಮ ಬೀದಿಯ ತಿರುವು ಬಂದಾಗ, "ಈ ವರ್ಷ ಬೇಡ ಬಿಡು, ಕುಸುಮಾ. ನಿನ್ನ ತಪ್ಪಿಲ್ಲ. ನಾನೇ ಮೊದಲು ನೋಡಬೇಕಿತ್ತು" ಎಂದಳು. ರಸ್ತೆ ನೋಡುತ್ತಲೇ ಹೇಳಿದಳು. ಮೂವತ್ತೊಂದು ವರ್ಷ ತಪ್ಪದೆ ಹೋದವಳು. ನನ್ನನ್ನು ನಂಬಿಕೊಂಡು ಬೇರೆ ಯಾರನ್ನೂ ಕೇಳಿರಲಿಲ್ಲ.

"ಎಷ್ಟು ದಿನ ಇದೆ ಇನ್ನು?"

"ಹದಿನೆಂಟು."

"ಹದಿನೈದನೇ ದಿನ ಬಂದು ನೋಡು. ಆಗ ಬೇಡ ಅನ್ನು."

ಸೋಮವಾರ ಬೆಳಿಗ್ಗೆ ಮಹಡಿಯಿಂದ ಕೆಳಗಿಳಿಯಲು ಆಗಲಿಲ್ಲ. ಮುಂದಕ್ಕೆ ಹೆಜ್ಜೆ ಇಟ್ಟರೆ ತೊಡೆ ಕೈಕೊಡುತ್ತಿತ್ತು. ಕಂಬಿ ಹಿಡಿದು, ಹಿಂದು ಹಿಂದಕ್ಕೆ, ಪುಟ್ಟ ಮಗು ಇಳಿಯುವಂತೆ ಇಳಿದೆ. ಕೆಳಗೆ ಯಜಮಾನರು ಕಾಫಿ ಲೋಟ ಹಿಡಿದು ನಿಂತಿದ್ದರು.

"ರೀ, ನಿಮ್ಮ ಪ್ಲಾನಲ್ಲಿ ಇಳಿಯೋದು ಎಲ್ಲಿದೆ?"

"ಇಳಿಯೋದಕ್ಕೇನು ಪ್ಲಾನು? ಅದು ತಾನಾಗೇ ಆಗುತ್ತಲ್ವಾ?" ಎಂದವರು ನನ್ನನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಹೋಗಿ ಕ್ಯಾಲೆಂಡರ್ ಮುಂದೆ ನಿಂತು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹಾಳೆ ಮಗುಚಿದರು. ಒಂದಾದರೂ ಕೆಳಮುಖದ ಬಾಣವಿರಲಿಲ್ಲ.

"ನಾವು ಚಾಮುಂಡಿ ಬೆಟ್ಟ ಎಷ್ಟು ಸಲ ಹತ್ತಿದ್ದೀವಿ?" ಎಂದು ಕೇಳಿದೆ.

"ಪ್ರತಿ ಆಷಾಢ ಶುಕ್ರವಾರ. ನಾನು ಪರೀಕ್ಷೆಗೆ ಮುಂಚೆ ಬೇರೆ."

"ಇಳಿದಿದ್ದು?"

ಅವರು ಯೋಚಿಸಿದರು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ನಗು ಬಂತು. "ಬಸ್ಸಲ್ಲಿ" ಎಂದರು.

ಅಷ್ಟೇ ವಿಷಯ. ನಾವಿಬ್ಬರೂ ಮೈಸೂರಿನವರು. ಸಾವಿರ ಮೆಟ್ಟಿಲು ಹತ್ತುತ್ತೇವೆ, ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವವರೂ ಇದ್ದಾರೆ. ದರ್ಶನವಾಯಿತು, ಪ್ರಸಾದ ತಿಂದೆವು, ಸಿಟಿ ಬಸ್ಸಿಗೆ ನಿಂತೆವು. ಬೆಟ್ಟ ಎಂದರೆ ಹತ್ತುವುದು. ಇಳಿಯುವುದು ಡ್ರೈವರ್ ಕೆಲಸ. ಅದೇ ಲೆಕ್ಕವನ್ನು ಇಲ್ಲಿಗೂ ತಂದು ಐದು ತಿಂಗಳು ನಡೆಸಿದ್ದೆವು.

ಎರಡು ದಿನ ಬಿಸಿನೀರು, ಎಳ್ಳೆಣ್ಣೆ. ಮೂರನೇ ದಿನ ಹೊರಟೆ. ಮನೆಯಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಕಣಿವೆಯಿಂದ ಮೇಲಿನ ಬಡಾವಣೆಗೆ ಹೋಗುವ ಮರದ ಮೆಟ್ಟಿಲುಗಳಿವೆ. ಇನ್ನೂರ ತೊಂಬತ್ಮೂರು, ನಾನೇ ಎಣಿಸಿದ್ದು. ಈ ಸಲ ಹತ್ತುವಾಗ ನಾನು ಖಾಲಿ ಕೈ, ಇಳಿಯುವಾಗ ಅಕ್ಕಿ ಚೀಲ. ಆದರೆ ಅಕ್ಕಿ ಮೇಲಕ್ಕೆ ಹೋಗುವುದು ಹೇಗೆ? ತಪ್ಪು ಪ್ಲಾನ್ ಮಾಡಿದವರು ಒಂದು ಚೀಲ ಹೆಗಲಿಗೇರಿಸಿದರು. ಸ್ಕೂಲಿಗೆ ಇನ್ನೂ ರಜೆಯಿದ್ದ ಹದಿನೈದರ ಮೇಘನಾಗೆ ಇನ್ನೊಂದು.

"ಸೋ ಐ ಆಮ್ ದಿ ಎಲಿವೇಟರ್?" ಎಂದಳು ಮಗಳು.

"ಹೌದು ಕಂದ. ಬೇಗ ಹತ್ತು, ಅಮ್ಮ ಮೇಲೆ ಕಾಯ್ತಿದ್ದಾಳೆ" ಎಂದರು ಅವಳಪ್ಪ.

ದಿನಾ ಸಂಜೆ ಆರಕ್ಕೆ ಅಪ್ಪ ಮಗಳು ಅಕ್ಕಿ ಹತ್ತಿಸುತ್ತಿದ್ದರು, ನಾನು ಇಳಿಸುತ್ತಿದ್ದೆ. ಮೊದಲ ದಿನ ನಾಲ್ಕು ಸಲ. ಎರಡು ದಿನ ಕಳೆದ ಮೇಲೆ ಐದು. ಆಮೇಲೆ ಏಳು. ಅಲ್ಲಿ ಓಡುವುದಕ್ಕೆ ಬರುತ್ತಿದ್ದ ತೆಲುಗು ಹುಡುಗನೊಬ್ಬ, "ಆಂಟಿ, ಈ ಅಕ್ಕಿ ಯಾವ ಮನೆಗೆ ಹೋಗ್ಬೇಕು ಹೇಳಿ, ನಾನೇ ಕಾರಲ್ಲಿ ಬಿಡ್ತೀನಿ" ಎಂದು ಹಿಂದಿಯಲ್ಲಿ ಕೇಳಿದ. ಯಜಮಾನರು ನಾಲ್ಕೇ ದಿನದಲ್ಲಿ ಬೆಲ್ಟು ಒಂದು ತೂತು ಬಿಗಿ ಮಾಡಿಕೊಂಡರು. ನನಗೆ ಹೆಬ್ಬೆರಳಿನ ಉಗುರೊಂದು ಕಪ್ಪಾಯಿತು. ಆದರೆ ತೊಡೆ ಅದುರುವುದು ಒಂಬತ್ತನೇ ದಿನ ನಿಂತಿತು. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಕೆಳಮುಖದ ಬಾಣ ಹಾಕತೊಡಗಿದೆ.

ಹದಿನೈದನೇ ದಿನ ನ್ಯಾನ್ಸಿ ಬಂದಳು. ವಾಲ್ಟ್‌ನನ್ನೂ ಕರೆತಂದಿದ್ದಳು. ಅವನು ಮೆಟ್ಟಿಲಿನ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು, ಊರುಗೋಲು ಪಕ್ಕಕ್ಕಿಟ್ಟು ಕೂತ. ಅಕ್ಕಿಯ ಜೊತೆ ಒಂದು ಬೇಳೆ ಪೊಟ್ಟಣ ಸೇರಿಸಿ, ನಲವತ್ತೈದು ಪೌಂಡ್ ಹೊತ್ತು ಹತ್ತು ಸಲ ಇಳಿದೆ. ವಾಲ್ಟ್ ನನ್ನ ಕಾಲನ್ನೇ ನೋಡುತ್ತಿದ್ದ. ಕೊನೆಗೆ ಹತ್ತಿರ ಕರೆದು ನನ್ನ ಶೂ ತೋರಿಸಿದ.

"ಇಳಿಯೋಕೆ ಮುಂಚೆ ಲೇಸು ಬಿಚ್ಚಿ ಮತ್ತೆ ಕಟ್ಟು. ಪಾದದ ಮೇಲೆ ಬಿಗಿಯಾಗಿ. ಬೆರಳು ಮುಂದಕ್ಕೆ ಜಾರಲ್ಲ. ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಮಡಿಚಿರಲಿ. ಭಾರದ ಜೊತೆ ಜಗಳ ಆಡಬೇಡ."

ಆಮೇಲೆ ಹೆಂಡತಿಯ ಕಡೆ ತಿರುಗಿ, "ಹೋಗಿ ಬಾ" ಎಂದ.

ಹದಿನೆಂಟನೇ ದಿನ ನಾವು ಹೊರಟೆವು. ಬೆಟ್ಟಸಾಲಿನ ಘಾಟಿ ದಾಟಿ ಪೂರ್ವದ ಕಡೆಗೆ ಮೂರು ಗಂಟೆ ಡ್ರೈವ್. ಎತ್ತರಕ್ಕೆ ಮೈ ಒಗ್ಗಲಿ ಎಂದು ಮೊದಲ ರಾತ್ರಿ ದಾರಿ ಶುರುವಾಗುವಲ್ಲೇ ಟೆಂಟ್ ಹಾಕಿದೆವು. ಮರುದಿನ ಐದು ಮೈಲಿ ಹತ್ತಿ ಒಂದು ಪುಟ್ಟ ಕೆರೆಯ ಪಕ್ಕ ಬೀಡುಬಿಟ್ಟೆವು. ಆ ದಿನ ಏನೂ ಕಾಣಲಿಲ್ಲ. ತಲೆ ಸ್ವಲ್ಪ ಭಾರವೆನಿಸಿತು. ಪುಳಿಯೋಗರೆ ಕಲಸಿಕೊಂಡು ಹೋಗಿದ್ದೆ. ನ್ಯಾನ್ಸಿ ಎರಡು ಸಲ ಹಾಕಿಸಿಕೊಂಡಳು.

ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಕೆರೆಯ ಮೇಲಿನ ದಿಣ್ಣೆ ಹತ್ತಿ, ಕಲ್ಲಿನ ಮರೆಯಲ್ಲಿ ಮಲಗಿದ್ದೆವು. ದಿಣ್ಣೆಯ ಆಚೆ ಕಡೆ ಬಾಣಲೆಯ ಹಾಗೆ ಒಂದು ತಗ್ಗು. ನ್ಯಾನ್ಸಿ ದುರ್ಬೀನಿನಲ್ಲಿ ನೋಡುತ್ತಿದ್ದವಳು ನನ್ನ ತೋಳು ಮುಟ್ಟಿದಳು. ತಗ್ಗಿನ ಹುಲ್ಲಿನಲ್ಲಿ ಗಂಡು ಜಿಂಕೆ ಒಂಟಿಯಾಗಿ ನಿಂತಿತ್ತು. ಹೇಸರಗತ್ತೆಯಂಥ ದೊಡ್ಡ ಕಿವಿ, ಪ್ರತಿ ಕೋಡಿಗೂ ನಾಲ್ಕು ಕವಲು. ಕಾನೂನಿಗೆ ಮೂರಿದ್ದರೆ ಸಾಕು.

ಅವಳು ಬಂದೂಕು ಹೆಗಲಿಗೆ ಕೊಟ್ಟಳು. ಆದರೆ ಬಂದೂಕನ್ನು ಮತ್ತೆ ಕೆಳಗಿಳಿಸಿದಳು. ನನ್ನ ಕಡೆ ತಿರುಗಿ ಪಿಸುಗುಟ್ಟಿದಳು.

"ಅದು ಕೆಳಗಿದೆ. ಮೊದಲು ಅಲ್ಲಿಂದ ಇಲ್ಲಿಗೆ ಹತ್ತಿಸಬೇಕು. ಆಮೇಲೆ ಇಲ್ಲಿಂದ ಕ್ಯಾಂಪಿಗೆ ಇಳಿಸಬೇಕು. ನಾಳೆ ಕಾರಿನವರೆಗೆ. ನಾನು ಹತ್ತೋದ್ರಲ್ಲಿ ನಿಧಾನ, ನಿಂಗೊತ್ತು. ಹೆಚ್ಚಿನ ಭಾಗ ನಿನ್ನ ಮೇಲೇ ಬೀಳುತ್ತೆ. ನೀನು ಆಗಲ್ಲ ಅಂದ್ರೆ ನಾನು ಹೊಡೆಯಲ್ಲ. ಬೇಜಾರಿಲ್ಲ. ನಿಜ ಹೇಳು."

ಆ ಪ್ರಾಣಿ ತಲೆಯೆತ್ತಿ ನಮ್ಮ ಕಡೆಗೇ ನೋಡುತ್ತಿತ್ತು. ಅದರ ಜೀವ ಆಗ ನನ್ನ ಉತ್ತರದ ಮೇಲೆ ನಿಂತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಜಂಬಕ್ಕೆ ಹೌದೆಂದರೆ ಆ ಮಾಂಸ ಅಲ್ಲೇ ಕೊಳೆಯುತ್ತದೆ. ಅದಕ್ಕಿಂತ ದೊಡ್ಡ ಪಾಪವಿಲ್ಲ. ಸಂಕೋಚಕ್ಕೆ ಇಲ್ಲವೆಂದರೆ ಈ ಹೆಂಗಸು ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ. ನನಗೆ ಕ್ಯಾಲೆಂಡರ್ ಕಣ್ಣಿಗೆ ಕಟ್ಟಿತು. ನೀಲಿ ಬಾಣದ ನಾಲ್ಕೂವರೆ ತಿಂಗಳು. ಕೆಂಪು ಬಾಣದ ಎರಡು ವಾರ. ಒಂದನ್ನೂ ನಾನು ಸುಳ್ಳು ಬರೆದಿರಲಿಲ್ಲ.

"ಹತ್ತೋದೂ ಆಗಿದೆ, ಇಳಿಯೋದೂ ಆಗಿದೆ" ಎಂದೆ. "ಹೊಡಿ."

ಒಂದೇ ಗುಂಡು. ಅದು ಎರಡು ಹೆಜ್ಜೆ ಇಟ್ಟು ಮಲಗಿತು.

ನಾವು ಕೆಳಗಿಳಿದು ಹೋದಾಗ ನ್ಯಾನ್ಸಿ ಮೊದಲು ಅದರ ಕತ್ತಿನ ಮೇಲೆ ಅಂಗೈ ಇಟ್ಟು ಕೂತಳು. ನಾನೂ ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ತೋಳೇರಿಸಿ ಕೆಲಸಕ್ಕೆ ಇಳಿದೆವು. ಮಟನ್ ಬಿಡಿಸುವುದು ನನಗೆ ಹೊಸದಲ್ಲ. ಮೂಳೆ ಬಿಡಿಸಿ, ನಾಲ್ಕು ಬಟ್ಟೆ ಚೀಲಕ್ಕೆ ತುಂಬುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಒಟ್ಟು ಎಪ್ಪತ್ತೈದು ಪೌಂಡ್ ಇರಬಹುದು ಎಂದಳು ನ್ಯಾನ್ಸಿ. ನನ್ನ ಪಾಲಿಗೆ ನಲವತ್ತೈದು ಹಾಕಿದಳು; ಅವಳಿಗೆ ಉಳಿದದ್ದು, ಜೊತೆಗೆ ಬಂದೂಕು.

ತಗ್ಗಿನಿಂದ ದಿಣ್ಣೆಗೆ ಹತ್ತುವುದು ನನ್ನ ಹಳೆಯ ಪಾಠ. ಒಂದು ಕಡೆಯೂ ಕೂರಲಿಲ್ಲ. ಯಜಮಾನರ ಪ್ಲಾನನ್ನು ಬೈದುಕೊಂಡದ್ದಕ್ಕೆ ಅಲ್ಲೇ ಮನಸ್ಸಿನಲ್ಲಿ ತಪ್ಪೊಪ್ಪಿಕೊಂಡೆ. ದಿಣ್ಣೆಯ ಮೇಲೆ ಚೀಲ ಇಳಿಸದೆ ಕಲ್ಲಿಗೆ ಒರಗಿ, ಲೇಸು ಬಿಚ್ಚಿ ಮತ್ತೆ ಬಿಗಿದು ಕಟ್ಟಿದೆ.

ಕ್ಯಾಂಪಿನ ಕಡೆಯ ಇಳಿಜಾರಿನಲ್ಲಿ ಅರ್ಧ ದೂರ ಸಡಿಲ ಜಲ್ಲಿಕಲ್ಲು. ಹೋಗುವಾಗ ಗಮನಕ್ಕೇ ಬಂದಿರಲಿಲ್ಲ. ನಡುಮಧ್ಯದಲ್ಲಿ ಬಲಗಾಲಿನ ಕೆಳಗಿನ ಕಲ್ಲುಗಳೆಲ್ಲ ಒಟ್ಟಿಗೆ ಹೊರಟವು. ಹಿಂದಿನಿಂದ ಭಾರ ತಳ್ಳಿತು. ಜಿಂಕೆಯ ಜೊತೆ ನಾನೂ ಉರುಳುತ್ತೇನೆ ಎಂದುಕೊಂಡೆ. ಆದರೆ ಮಂಡಿ ಮಡಿಚಿತು, ತೊಡೆ ಹಿಡಿಯಿತು, ಕೈಯಲ್ಲಿದ್ದ ಚಾರಣದ ಕೋಲು ಊರಿತು. ಮೂರಡಿ ಜಾರಿ ನಿಂತೆ. ಕಲ್ಲುಗಳು ಕೆಳಗೆ ಕೆರೆಯವರೆಗೂ ಸದ್ದು ಮಾಡುತ್ತ ಹೋದವು. ಬದಿಯಲ್ಲಿ ನಿಂತಿದ್ದ ನ್ಯಾನ್ಸಿ ಕೂಗಲಿಲ್ಲ, ಓಡಿಯೂ ಬರಲಿಲ್ಲ. ಕಾದು ನೋಡಿದಳು. ನಾನು ಇನ್ನೊಂದು ಪುಟ್ಟ ಹೆಜ್ಜೆ ಇಟ್ಟೆ. ಅವಳು ತಲೆಯಾಡಿಸಿ ಮುಂದೆ ನಡೆದಳು. ನನ್ನ ಜೀವನದಲ್ಲಿ ಯಾರೂ ನನ್ನ ಮೇಲೆ ಅಷ್ಟು ನಂಬಿಕೆ ತೋರಿಸಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಆ ರಾತ್ರಿಯ ಚಳಿಯಲ್ಲಿ ಮಾಂಸವನ್ನು ಕರಡಿಗೆ ಎಟುಕದಂತೆ ಮರಕ್ಕೆ ಎತ್ತರದಲ್ಲಿ ತೂಗುಹಾಕಿ, ಮರುದಿನ ಟೆಂಟು, ಹಾಸಿಗೆ ಎಲ್ಲ ಸೇರಿಸಿ ಹೊತ್ತು ಹೊರಟೆವು. ಐದು ಗಂಟೆ ಇಳಿದೆವು. ಕೊನೆಯ ತಿರುವಿನಲ್ಲಿ ಮರಗಳ ಸಂದಿಯಿಂದ ಮಡಚುವ ಕುರ್ಚಿಯೊಂದು ಕಂಡಿತು. ಕುರ್ಚಿಯಲ್ಲಿ ವಾಲ್ಟ್. ಪಕ್ಕದಲ್ಲಿ ನಮ್ಮ ಯಜಮಾನರು, ಕೈಯಲ್ಲಿ ಕಾಫಿ ಫ್ಲಾಸ್ಕು. ಮನೆಯಲ್ಲಿ ಕೂರಲಾರೆ ಎಂದು ವಾಲ್ಟ್ ಹಠ ಹಿಡಿದನಂತೆ, ಇವರು ಕರೆದುಕೊಂಡು ಬಂದಿದ್ದರು.

ವಾಲ್ಟ್ ಎದ್ದು ಊರುಗೋಲಿನ ಮೇಲೆ ಬಂದ. ನಾನು ಚೀಲ ಇಳಿಸಿದೆ. ಒಂದು ಕೈಯಲ್ಲಿ ಅದನ್ನು ಎತ್ತಿ ನೋಡಿದ. ಹೆಂಡತಿಯ ಚೀಲವನ್ನೂ ಎತ್ತಿ ನೋಡಿದ. ಮತ್ತೆ ನನ್ನದನ್ನು.

"ಇವಳದ್ದೇ ಭಾರ" ಎಂದ.

"ಹೂಂ" ಎಂದಳು ನ್ಯಾನ್ಸಿ.

"ಹಾಗಾದ್ರೆ ನನ್ನ ಜಾಗ ಹೋಯ್ತು."

ತಮಾಷೆಗೇ ಹೇಳಿದ. ಆದರೆ ಹೇಳಿ ಮುಗಿಸಿದ ಮೇಲೂ ಚೀಲದ ಪಟ್ಟಿಯನ್ನು ಬಿಡದೆ ಹಿಡಿದೇ ನಿಂತ. "ನಾನು ಬದಲಿ ಡ್ರೈವರ್ ಅಷ್ಟೇ. ಲೇಸು ಕಟ್ಟೋದು ಹೇಳಿಕೊಟ್ಟವನು ನೀನು" ಎಂದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಕಾರಿನವರೆಗೂ ನಡೆದ. ಊರುಗೋಲನ್ನು ಯಜಮಾನರು ಹಿಡಿದುಕೊಂಡು ಬಂದರು.

ಮುಂದಿನ ಭಾನುವಾರ ಅವರಿಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದರು. ಜಿಂಕೆ ಮಾಂಸ ಬೇಗ ಬೇಯುವುದಿಲ್ಲ. ಕುಕ್ಕರ್ ಮೂರು ವಿಷಲ್ ಹೆಚ್ಚಿಗೆ ಕೂಗಿತು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಮೇಘನಾ ವಾಲ್ಟ್‌ಗೆ ಹೇಳಿಕೊಟ್ಟಳು. ನ್ಯಾನ್ಸಿ ಅಡುಗೆಮನೆಗೆ ಬಂದವಳು ಕ್ಯಾಲೆಂಡರ್ ನೋಡಿ, ಪೆನ್ ಕೇಳಿ, ಬೇಟೆಯ ದಿನದ ಚೌಕದಲ್ಲಿ ತಾನೇ ಎರಡು ಬಾಣ ಬರೆದಳು. ಒಂದು ನೀಲಿ, ಒಂದು ಕೆಂಪು. ಆ ಹಾಳೆಯನ್ನು ಹರಿದು ಎತ್ತಿಟ್ಟುಕೊಂಡಿದ್ದೇನೆ.

ಎರಡು ವರ್ಷದ ಮೇಲೆ ಆಷಾಢದಲ್ಲಿ ಮೈಸೂರಿಗೆ ಹೋಗಿದ್ದೆ. ವನಜಕ್ಕನ ಜೊತೆ ಚಾಮುಂಡಿ ಬೆಟ್ಟ ಹತ್ತಿದೆ. ದರ್ಶನವಾಯಿತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಬಾರೆ, ಬಸ್ಸು ನಿಂತಿದೆ, ಸೀಟ್ ಹಿಡಿಯೋಣ" ಎಂದು ಓಡಿದಳು.

"ನೀನು ಬಸ್ಸಲ್ಲಿ ಹೋಗು ಅಕ್ಕ. ನಾನು ಇಳಿದು ಬರ್ತೀನಿ."

ಅಕ್ಕ ನಿಂತು ನನ್ನನ್ನು ನೋಡಿದಳು. "ಹತ್ತೋದಕ್ಕೆ ಹರಕೆ ಹೊರೋರನ್ನ ನೋಡಿದ್ದೀನಿ. ಇಳಿಯೋದಕ್ಕೆ ಯಾವ ದೇವರಿಗೆ ಹೊತ್ತಿದ್ದೀಯೆ ತಾಯಿ?"

ನಾನು ಮೊದಲನೇ ಮೆಟ್ಟಿಲ ಮೇಲೆ ಕೂತು, ಶೂವಿನ ಲೇಸು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡೆ.